ಆಟಿ ತಿಂಗಳಲ್ಲಿ ಐದನೆಯ ಸೂಟ್

ಮಳೆಗಾಲದ ನಡುವಿನ ತುಳು ತಿಂಗಳು ಆಟಿ ಬಂತೆಂದರೆ ನಾನು ಬಾಖ್‌ನ ಐದನೆಯ ಚೆಲ್ಲೋ ಸೂಟ್ ತೆಗೆಯುತ್ತೇನೆ. ಅದಕ್ಕೆ ಮೊದಲ ಕಾರಣ ಮಳೆ. ಚೆಲ್ಲೋ ಎಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ಸೂಟ್ ಎಂದರೆ ಕುಣಿತದ ನಡೆಗಳ ಒಂದು ಗುಚ್ಛ.

ನೀರ್ಚಾಲಿನ ಈ ಮನೆಯಲ್ಲಿ ಜುಲೈ ಅರ್ಧ ಕಳೆಯುವಾಗ ಗೋಡೆ, ಬಟ್ಟೆ, ಪುಸ್ತಕ ಎಲ್ಲಕ್ಕೂ ತೇವ ಏರಿರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಚೆಲ್ಲೋದ ಮುಂದಿನ ಹಲಗೆ ಸ್ಪ್ರೂಸ್ ಮರದ್ದು, ಹಿಂದಿನದು ಮೇಪಲ್. ಎರಡೂ ನಮ್ಮ ಸೀಮೆಯ ಮರಗಳಲ್ಲ. ಇಲ್ಲಿನ ಗಾಳಿ ಕುಡಿದು ಉಬ್ಬುತ್ತವೆ. ಬಿರಡೆ ಬಿಗಿದುಕೊಂಡು ತಿರುಗುವುದೇ ಇಲ್ಲ. ಬಿಲ್ಲಿಗೆ ಕಟ್ಟಿದ ಕುದುರೆ ಬಾಲದ ಕೂದಲು ಉದ್ದವಾಗುತ್ತದೆ, ತಿರುಪು ಎಷ್ಟು ತಿರುಗಿಸಿದರೂ ಬಿಗಿ ಸಾಲುವುದಿಲ್ಲ. ಹಲಗೆಗಳನ್ನು ಪಕ್ಕದ ಪಟ್ಟಿಗೆ ಅಂಟಿಸುವುದು ಪ್ರಾಣಿಯ ತೊಗಲು ಕುದಿಸಿ ಮಾಡಿದ ಅಂಟಿನಿಂದ. ಅದು ತೇವಕ್ಕೆ ಮೆತ್ತಗಾಗಿ ಅಲ್ಲಲ್ಲಿ ಬಿಡುತ್ತದೆ. ಬೇಕೆಂದೇ ಅಂಥ ಅಂಟು ಹಾಕುವುದು. ಎಳೆತ ಜಾಸ್ತಿಯಾದಾಗ ಮರ ಸೀಳುವುದರ ಬದಲು ಅಂಟು ಬಿಡಲಿ ಎಂದು. ಹಾಗಾಗಿ ನಾನು ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿ ಚೆಲ್ಲೋವನ್ನು ಅದರ ಪಕ್ಕ ನಿಲ್ಲಿಸಿಡುತ್ತೇನೆ. ಕರೆಂಟು ಹೋದ ದಿನ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಐದನೆಯ ಸೂಟ್‌ಗೆ ಬಾಖ್ ಚೆಲ್ಲೋದ ಶ್ರುತಿಯನ್ನೇ ಬದಲಾಯಿಸಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನ ತಂತಿ, ಪಾಶ್ಚಾತ್ಯ ಸ್ವರದ ಹೆಸರಿನಲ್ಲಿ, ಸಾಮಾನ್ಯವಾಗಿ ಎ. ಅದನ್ನು ಒಂದು ಸ್ವರದಷ್ಟು ಇಳಿಸಿ ಜಿ ಮಾಡಬೇಕು. ಆಗ ತಂತಿಗಳು ಸಿ, ಜಿ, ಡಿ, ಜಿ. ಮೇಲೊಂದು ಜಿ, ಕೆಳಗೊಂದು ಜಿ. ಒಂದನ್ನು ನುಡಿಸಿದರೆ ಇನ್ನೊಂದು ತಾನಾಗಿಯೇ ಮಿಡಿಯುತ್ತದೆ. ಇಡೀ ವಾದ್ಯಕ್ಕೆ ಒಂದು ಗಾಢವಾದ ಬಣ್ಣ ಬರುತ್ತದೆ. ಆ ತಂತಿಯ ಎಳೆತವೂ ಕಮ್ಮಿಯಾಗುತ್ತದೆ, ಮಳೆಗಾಲದ ವಾದ್ಯಕ್ಕೆ ಅದೂ ಒಳ್ಳೆಯದೇ. ಈಗ ಬಹಳ ಜನ ಶ್ರುತಿ ಇಳಿಸದೆ ಮಾಮೂಲಿ ತಂತಿಯಲ್ಲೇ ಇದನ್ನು ನುಡಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಪ್ಪ ಹರಿಕಥೆಗೆ ಪಿಟೀಲು ನುಡಿಸುತ್ತಿದ್ದವರು. ದಾಸರು ಯಾವ ಶ್ರುತಿ ಹೇಳುತ್ತಾರೋ ಅದಕ್ಕೆ ಕೂತಲ್ಲೇ ತಂತಿ ಇಳಿಸಿ ಏರಿಸುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಶ್ರುತಿ ಹಾಡಿಗೆ ತಕ್ಕಂತೆ ಇರಬೇಕು ಎನ್ನುವುದು ನನಗೆ ಚಿಕ್ಕಂದಿನಿಂದಲೂ ಸಹಜ.

ಪಿಟೀಲಿನಿಂದ ಚೆಲ್ಲೋಗೆ ಬಂದ ಕಥೆ ಉದ್ದವಿಲ್ಲ. ಮದ್ರಾಸಿಗೆ ಹೋದೆ, ಪಾಶ್ಚಾತ್ಯ ಸಂಗೀತ ಕಲಿಸುವ ಮೇಷ್ಟ್ರೊಬ್ಬರು ಸಿಕ್ಕಿದರು, ಅವರ ವಾದ್ಯವೃಂದದಲ್ಲಿ ಪಿಟೀಲಿನವರು ಬೇಕಾದಷ್ಟಿದ್ದರು, ಚೆಲ್ಲೋಗೆ ಜನ ಇರಲಿಲ್ಲ. ಕಾಲ ನಡುವೆ ವಾದ್ಯ ಇಟ್ಟುಕೊಂಡು ಮೊದಲ ಸಲ ಕೆಳಗಿನ ಸಿ ತಂತಿ ಎಳೆದಾಗ ಎದೆಗೂಡೇ ನಡುಗಿತು. ಆಮೇಲೆ ಪಿಟೀಲು ಮುಟ್ಟಿದ್ದು ಅಪ್ಪನ ಎದುರಿಗೆ ಮಾತ್ರ.

ಆ ಮೇಷ್ಟ್ರು ಕೊಟ್ಟ ಮೊದಲ ದೊಡ್ಡ ಪಾಠ ಬಾಖ್‌ನ ಒಂದನೆಯ ಸೂಟ್‌ನ ಪ್ರೆಲ್ಯೂಡ್, ಅಂದರೆ ಪೀಠಿಕೆಯ ಭಾಗ. ಜೆರಾಕ್ಸ್ ಹಾಳೆ, ಅಂಚಿನ ಗೆರೆಗಳು ಅರ್ಧ ಮಾಸಿದ್ದವು. ಪಾಶ್ಚಾತ್ಯ ಲಿಪಿ ಓದಲು ಆಗ ತಡವರಿಸುತ್ತಿದ್ದೆ. ಹಾಗಾಗಿ ಮೊದಲ ಸಾಲನ್ನು ನಮ್ಮ ಸ್ವರಕ್ಕೆ ಇಳಿಸಿ ಬರೆದುಕೊಂಡೆ. ಜಿ ಎಂಬುದನ್ನು ಷಡ್ಜ ಎಂದಿಟ್ಟುಕೊಂಡರೆ, ಸ ಪ ಗ ರಿ ಗ ಪ ಗ ಪ, ಅದೇ ಇನ್ನೊಮ್ಮೆ. ಎರಡನೆಯ ಅಳತೆ, ಅಂದರೆ ತಾಳದ ಎರಡನೆಯ ಸುತ್ತು, ಸ ಧ ಮ ಗ ಮ ಧ ಮ ಧ. ಮೂರನೆಯದು, ಸ ನಿ ಮ ಗ ಮ ನಿ ಮ ನಿ. ನೋಡಿದರೆ ಶಂಕರಾಭರಣ! ಖುಷಿಯೋ ಖುಷಿ. ನಾನು ಅದನ್ನು ಆಗ ಹಾಡಿನ ಹಾಗೆ ನುಡಿಸಿದೆ. ಮೇಲಿನ ಗಾಂಧಾರ ಮಧ್ಯಮಗಳಿಗೆ ಒತ್ತು, ಎಳೆದಾಟ, ಬೇಕಾದಲ್ಲೆಲ್ಲ ಕಂಪನ. ಮೇಷ್ಟ್ರು ಏನೂ ಹೇಳಲಿಲ್ಲ. “ಇದು ನಿನ್ನ ಹತ್ತಿರ ಇರಲಿ, ಬಿಡಬೇಡ” ಅಂದರು ಅಷ್ಟೇ.

ಆಮೇಲೆ ಸ್ಟುಡಿಯೋ ಕೆಲಸ. ಸಿನಿಮಾ ಹಾಡಿನ ರೆಕಾರ್ಡಿಂಗ್‌ನಲ್ಲಿ ರಾಗ ಇರುವುದು ಪಿಟೀಲಿನವರಿಗೆ. ಚೆಲ್ಲೋಗೆ ಸಿಗುವುದು ಕೆಳಗಿನ ಉದ್ದುದ್ದ ಸ್ವರಗಳು. ಪಲ್ಲವಿ ಪೂರ್ತಿ ಒಂದೇ ಸ್ವರ, ಚರಣಕ್ಕೆ ಬಂದಾಗ ಅದು ಒಂದು ಮೆಟ್ಟಿಲು ಕೆಳಗೆ. ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್, ಅದರಿಂದ ಕೂದಲೆಳೆಯಷ್ಟೂ ಆಚೀಚೆ ಹೋಗುವಂತಿಲ್ಲ. ಬೇರೆಯವರು ಇದನ್ನು ಬೇಸರದ ಕೆಲಸ ಅನ್ನುತ್ತಿದ್ದರು. ನನಗೆ ಅಲ್ಲೇ ಕಿವಿ ತೆರೆಯಿತು. ಮೇಲಿನ ರಾಗ ಅದೇ ಇದ್ದರೂ ನನ್ನ ಕೆಳಗಿನ ಸ್ವರ ಬದಲಾದ ಕೂಡಲೇ ಆ ರಾಗದ ಭಾವವೇ ಬದಲಾಗುತ್ತದೆ! ದಿನವೂ ಅದನ್ನು ಬೆರಳಿನಲ್ಲೇ ಅನುಭವಿಸುತ್ತಿದ್ದೆ.

1990ರ ದಶಕದಲ್ಲಿ ಸಿಂಥಸೈಸರ್ ಬಂದು ನಮ್ಮಂಥವರ ಕೆಲಸ ಕಮ್ಮಿಯಾಯಿತು. ಖಾಲಿ ಮಧ್ಯಾಹ್ನಗಳಲ್ಲಿ ಆ ಹಳೆಯ ಜೆರಾಕ್ಸ್ ತೆಗೆದೆ. ಅದೇ ಮೊದಲ ಸಾಲು. ಈ ಸಲ ಕಿವಿ ಹೋದದ್ದು ಕೆಳಗಿನ ಷಡ್ಜಕ್ಕೆ. ಮೊದಲ ನಾಲ್ಕು ಅಳತೆಗಳಲ್ಲೂ ಕೆಳಗೆ ಅದೇ ಷಡ್ಜ, ಅಲುಗಾಡದೆ ಕೂತಿದೆ. ಅದರ ಮೇಲೆ ಪ-ಗ, ಧ-ಮ, ನಿ-ಮ ಬಂದು ತಿರುಗಿ ಸ-ಗಕ್ಕೆ ಮರಳುತ್ತವೆ. ಮಧ್ಯಮ ಬಂದಾಗ ಆ ಷಡ್ಜದ ಜೊತೆ ಒಂದು ಹಗುರ, ನಿಷಾದ ಬಂದಾಗ ಒಂದು ಬಿಗಿ, ನಾಲ್ಕನೆಯ ಅಳತೆಯಲ್ಲಿ ಬಿಡುಗಡೆ. ನಾನು ಅದುವರೆಗೆ ಮೇಲಿನ ಹಾಡು ಕೇಳಿದ್ದೆ, ಈಗ ಒಂದೇ ವಾದ್ಯದಲ್ಲಿ ಇಬ್ಬರು ಮೂವರು ಮಾತಾಡುವುದು ಕೇಳಿಸಿತು. ಆ ಮಧ್ಯಾಹ್ನ ಸಾಲಿನಿಂದ ಸಾಲಿಗೆ ಕೆಳಗಿನ ಸ್ವರಗಳನ್ನು ಮಾತ್ರ ಹೆಕ್ಕಿ ನುಡಿಸುತ್ತಾ ಹೋದೆ. ಅಷ್ಟನ್ನೇ ನುಡಿಸಿದರೂ ಅದೊಂದು ಸಂಗೀತವಾಗಿತ್ತು. ಸ್ಟುಡಿಯೋದಲ್ಲಿ ಉದ್ದ ಸ್ವರ ಎಳೆಯದೇ ಇದ್ದಿದ್ದರೆ ನನಗೆ ಇದು ಕೇಳಿಸುತ್ತಿತ್ತೋ ಇಲ್ಲವೋ.

ಈ ಸೂಟ್‌ಗಳ ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಬಾಖ್ ಇವನ್ನು ಬರೆದದ್ದು 1717ರಿಂದ 1723ರವರೆಗೆ ಜರ್ಮನಿಯ ಕೋಥೆನ್‌ನಲ್ಲಿ ಅರಮನೆಯ ಸಂಗೀತಗಾರನಾಗಿದ್ದಾಗ ಎಂಬುದು ಸಾಮಾನ್ಯ ಅಭಿಪ್ರಾಯ. ಒಟ್ಟು ಆರು. ಪ್ರತಿಯೊಂದಕ್ಕೂ ಮೊದಲು ಒಂದು ಪ್ರೆಲ್ಯೂಡ್, ಆಮೇಲೆ ಸಾಲಾಗಿ ಐದು ಕುಣಿತಗಳು. ಅಲ್ಲಮಾಂಡ್, ಕುರಾಂಟ್, ಸರಬಾಂದ್, ಮಿನುವೆಟ್ ಅಥವಾ ಬುರೇ ಅಥವಾ ಗವೊಟ್, ಕೊನೆಗೆ ಜೀಗ್. ಅವನ ಕೈಬರಹದ ಪ್ರತಿ ಈಗ ಇಲ್ಲ. ನಮಗೆ ಉಳಿದಿರುವುದು ಬೇರೆಯವರು ಮಾಡಿಕೊಂಡ ನಕಲುಗಳು. ಅದರಲ್ಲಿ ಮುಖ್ಯವಾದದ್ದು ಹೆಂಡತಿ ಆನಾ ಮಗ್ದಲೇನಾ ಬರೆದದ್ದು. ಇನ್ನೊಂದು ಕೆಲ್ನರ್ ಎಂಬ ಆರ್ಗನ್ ವಾದಕ 1726ರಲ್ಲಿ ಬರೆದುಕೊಂಡದ್ದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಇನ್ನೆರಡು ನಕಲುಗಳಲ್ಲಿ ಬರೆದವರ ಹೆಸರಿಲ್ಲ. ಸ್ವರಗಳು ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ. ಬಿಲ್ಲಿನ ಗುರುತುಗಳು ಮಾತ್ರ ಒಂದರಂತೆ ಇನ್ನೊಂದಿಲ್ಲ. ಯಾವ ಸ್ವರಗಳನ್ನು ಒಂದೇ ಎಳೆತದಲ್ಲಿ ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂಬುದು ಅಸ್ಪಷ್ಟ. ಎಷ್ಟು ವೇಗ, ಎಷ್ಟು ಮೆಲ್ಲಗೆ ಎಂಬ ಸೂಚನೆಯಂತೂ ಇಲ್ಲವೇ ಇಲ್ಲ ಅನ್ನಬಹುದು.

ಬಿಲ್ಲೆಂದರೆ ಚೆಲ್ಲೋದ ಉಸಿರು, ಅಲ್ವಾ? ಅದು ತೀರ್ಮಾನವಾಗದೆ ನುಡಿಸುವುದು ಸಾಧ್ಯವೇ ಇಲ್ಲ. ಹಾಗಾಗಿ ಹಾಳೆ ತೆರೆದಾಗಲೆಲ್ಲ ನಾವೇ ತೀರ್ಮಾನಿಸಬೇಕು. ಕಳೆದ ಸಲದ ತೀರ್ಮಾನ ಈ ಸಲ ನಡೆಯುವುದಿಲ್ಲ, ಯಾಕೆಂದರೆ ನಡುವೆ ಕಿವಿ ಬೇರೆಯಾಗಿರುತ್ತದೆ, ಕೈ ಬೇರೆಯಾಗಿರುತ್ತದೆ.

ಶನಿವಾರ ಕುಂಬಳೆಯಿಂದ ಬಸ್ಸಿನಲ್ಲಿ ಒಬ್ಬಳು ಹುಡುಗಿ ಬರುತ್ತಾಳೆ, ಪ್ಲಸ್ ಟೂ ಓದುತ್ತಿದ್ದಾಳೆ. ಮೊನ್ನೆ ಅದೇ ಮೊದಲ ಸಾಲಿಗೆ ಮೂರು ಬಗೆಯ ಬಿಲ್ಲು ತೋರಿಸಿದೆ. ಮೊದಲ ಮೂರು ಸ್ವರ ಕೂಡಿಸಿ ಉಳಿದವು ಬಿಡಿ. ನಾಲ್ಕು ನಾಲ್ಕು ಕೂಡಿಸಿ. ಎಂಟೂ ಒಂದೇ ಎಳೆತ. ಅವಳು ಮೂರನ್ನೂ ನುಡಿಸಿ ನೋಡಿದಳು.

“ಟೀಚರ್, ಇದ್ರಲ್ಲಿ ಯಾವುದು ಸರಿ?”

“ನಿಂಗೆ ಕೆಳಗಿನ ಷಡ್ಜ ಯಾವುದರಲ್ಲಿ ಚೆನ್ನಾಗಿ ಕೇಳ್ತದೆ?”

“ಮೊದಲನೆಯದ್ರಲ್ಲಿ.”

“ಹಾಗಾದ್ರೆ ಈ ವರ್ಷ ಅದೇ ಇರಲಿ.”

“ಬರುವ ವರ್ಷ?”

“ಬರುವ ವರ್ಷ ಪುನಃ ಕೇಳ್ತೇನೆ.”

ಅವಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಯಿತು. ಪರೀಕ್ಷೆಗೆ ಓದುವ ವಯಸ್ಸಿನಲ್ಲಿ ಒಂದು ಸರಿಯುತ್ತರ ಬೇಕು ಅನ್ನಿಸುವುದು ನ್ಯಾಯವೇ. ಅವಳ ಮನೆಯಲ್ಲಿ ತಾಳಮದ್ದಳೆಯ ಅಭ್ಯಾಸ ಉಂಟು, ಹಾಗಾಗಿ ವಾಲಿಯ ಉದಾಹರಣೆ ಕೊಟ್ಟೆ. ನನ್ನ ಸೋದರಮಾವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರೂರಿನ ಚಾವಡಿಗಳಲ್ಲಿ ಅರ್ಥ ಹೇಳುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿ ಬೆಳೆದವರು ಅವರು. ಭಾಗವತರು ಹಾಡುವ ಪದ್ಯ ಅದೇ. ಬಾಣ ಬಿದ್ದ ವಾಲಿ ರಾಮನನ್ನು ಕೇಳುವ ಸನ್ನಿವೇಶವೂ ಅದೇ. ಮಾವನ ವಾಲಿ ಮೂವತ್ತರಲ್ಲಿ ಕೋಪದಿಂದ ಗುಡುಗುತ್ತಿದ್ದ, ಚಾವಡಿಯ ಕಂಬ ಅದುರಬೇಕು. ಅರುವತ್ತು ದಾಟಿದ ಮೇಲೆ ಅದೇ ವಾಲಿ ಮೆತ್ತಗೆ, ಒಂದೊಂದೇ ಪ್ರಶ್ನೆ ಕೇಳುತ್ತಿದ್ದ, ರಾಮನ ಪಾತ್ರಧಾರಿ ಬೆವರುತ್ತಿದ್ದ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಎರಡನ್ನೂ ಕೇಳಿದವರು ಪುಣ್ಯವಂತರು.

ಚೆಲ್ಲೋ ಲೋಕದಲ್ಲೂ ಹೀಗೆ ಒಬ್ಬರೇ ಮತ್ತೆ ಮತ್ತೆ ನುಡಿಸಿದ್ದನ್ನು ಕೇಳುವ ಭಾಗ್ಯ ನಮಗಿದೆ. ಯೋ-ಯೋ ಮಾ ಆರೂ ಸೂಟ್‌ಗಳನ್ನು ಮೂರು ಸಲ ಧ್ವನಿಮುದ್ರಿಸಿದ್ದಾರೆ. ಮೊದಲನೆಯದು 1983ರಲ್ಲಿ ಬಂತು, ಎರಡನೆಯದು 1990ರ ದಶಕದ್ದು, ಮೂರನೆಯದು 2018ರಲ್ಲಿ ಬಂದಾಗ ಅವರಿಗೆ 62 ವರ್ಷ. ಮೊದಲನೆಯದರಲ್ಲಿ ಎಲ್ಲವೂ ಹೊಳೆಯುತ್ತದೆ. ಮೂರನೆಯದರಲ್ಲಿ ಅವರು ಯಾರನ್ನೂ ಮೆಚ್ಚಿಸಲು ಹೋಗುವುದಿಲ್ಲ, ಕುಣಿತದ ಹೆಜ್ಜೆ ಹಗುರ. ಹಾಲೆಂಡಿನ ಆನರ್ ಬೈಲ್ಸ್ಮಾ ಎರಡು ಸಲ ಮಾಡಿದರು, 1979ರಲ್ಲಿ ಮತ್ತು 1992ರಲ್ಲಿ. ಎರಡನೆಯ ಸಲ ಅವರು ನುಡಿಸಿದ್ದು 1701ರ ಸ್ಟ್ರಾಡಿವೇರಿಯಸ್ ಚೆಲ್ಲೋ, ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದ್ದು. ವಾದ್ಯ ದೊಡ್ಡದು, ದನಿಯೂ ದೊಡ್ಡದು. ಆದರೆ ನನಗೆ ಪ್ರಿಯವಾದದ್ದು 1979ರದ್ದೇ. ಅದರಲ್ಲಿ ಪ್ರತಿ ಸ್ವರವೂ ಮಾತಾಡಿದ ಹಾಗೆ, ವಾಕ್ಯ ಎಲ್ಲಿ ಮುಗಿಯಿತು ಎಂದು ತಿಳಿಯುತ್ತದೆ. ಪೀಟರ್ ವಿಸ್ಪೆಲ್ವೇ ಮೂರನೆಯ ಸಲ 2012ರಲ್ಲಿ ನುಡಿಸಿದಾಗ ಎ ಸ್ವರದ ಶ್ರುತಿಯನ್ನು ಈಗಿನ ಸೆಕೆಂಡಿಗೆ 440 ಕಂಪನದಿಂದ 392ಕ್ಕೆ ಇಳಿಸಿದ್ದಾರೆ. ಪೂರ್ತಿ ಒಂದು ಸ್ವರ ಕೆಳಗೆ. ಅದನ್ನು ಮಳೆಯ ರಾತ್ರಿ ಕೇಳಿದರೆ ಮರದೊಳಗೆ ಕೂತು ಕೇಳಿದಂತಾಗುತ್ತದೆ. ಯಾನೋಸ್ ಸ್ಟಾರ್ಕರ್ ಅಂತೂ ಹರೆಯದಿಂದಲೇ ಇವನ್ನು ಮುದ್ರಿಸುತ್ತಾ ಬಂದವರು. 1992ರಲ್ಲಿ ಕೊನೆಯದಾಗಿ ನುಡಿಸಿದ್ದಕ್ಕೆ 1998ರಲ್ಲಿ ಗ್ರ್ಯಾಮಿ ಬಂತು.

ಕಾಯ್ದವರೂ ಇದ್ದಾರೆ. ಪಾಬ್ಲೊ ಕಸಾಲ್ಸ್ 1890ರಲ್ಲಿ, 13ನೆಯ ವಯಸ್ಸಿನಲ್ಲಿ, ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಈ ಸೂಟ್‌ಗಳ ಪುಸ್ತಕ ಕಂಡರು. ಆಗ ಇವನ್ನು ಅಭ್ಯಾಸದ ಪಾಠಗಳು ಎಂದೇ ಬಹಳ ಜನ ತಿಳಿದಿದ್ದರು. ಕಸಾಲ್ಸ್ ಹನ್ನೆರಡು ವರ್ಷ ಮನೆಯಲ್ಲಿ ನುಡಿಸಿ, ಆಮೇಲೆ ಸಭೆಯ ಎದುರು ನುಡಿಸಿದರು. ಆರನ್ನೂ ಧ್ವನಿಮುದ್ರಿಸಿದ್ದು 1936ರಿಂದ 1939ರ ನಡುವೆ, ಅವರ ಸ್ಪೇನ್ ಅಂತರ್ಯುದ್ಧದಲ್ಲಿ ಉರಿಯುತ್ತಿದ್ದಾಗ. ರಷ್ಯದ ಚೆಲ್ಲೋ ವಾದಕ ರಸ್ತ್ರಪೋವಿಚ್ 1955ರಲ್ಲಿ ಪ್ರಾಗ್‌ನ ಕಚೇರಿಯಲ್ಲಿ ಆರನ್ನೂ ನುಡಿಸಿದ್ದರೂ, ಇದು ನನ್ನದು ಎಂದು ಕೂತು ಮುದ್ರಿಸಲು 1991ರವರೆಗೆ ಕಾಯ್ದರು. ಫ್ರಾನ್ಸಿನ ವೆಜ್ಲೇ ಎಂಬ ಊರಿನ ಹಳೆಯ ಇಗರ್ಜಿಯಲ್ಲಿ. ಅವರಿಗಾಗ 64 ತುಂಬುತ್ತಿತ್ತು.

ಇಬ್ಬರ ಮೇಲೂ ನನಗೆ ತುಂಬ ಗೌರವ. ಆದರೂ ಕಾಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಾಖ್‌ಗೆ ವಯಸ್ಸಾಗಬೇಕು, ಪಕ್ವತೆ ಬೇಕು ಅಂತ ಮದ್ರಾಸಿನಲ್ಲಿ ಎಷ್ಟೋ ಜನ ಹೇಳುತ್ತಿದ್ದರು. ಹಾಗೆ ಕಾದವರಲ್ಲಿ ಕೆಲವರು ಕೊನೆಗೂ ಶುರು ಮಾಡಲೇ ಇಲ್ಲ. ಇಪ್ಪತ್ತರಲ್ಲಿ ಶಂಕರಾಭರಣ ಎಂದು ನುಡಿಸಿದ್ದು ನನ್ನೊಳಗೆ ಇತ್ತು, ಅದಕ್ಕೇ ನಲುವತ್ತರಲ್ಲಿ ಕೆಳಗಿನ ಸ್ವರ ಬೇರೆಯಾಗಿ ಕೇಳಿಸಿತು. ಮೊದಲಿನದೇ ಇಲ್ಲದಿದ್ದರೆ ಹಿಂದಿರುಗುವುದು ಎಲ್ಲಿಗೆ? ಹಾಗಾಗಿ ಕುಂಬಳೆಯ ಹುಡುಗಿಗೆ ಈಗಲೇ ಕೊಟ್ಟಿದ್ದೇನೆ. ಅವಳಿಗೆ ಇಷ್ಟ ಬಂದ ಹಾಗೆ ನುಡಿಸಲಿ, ಜೋರಾಗಿ ನುಡಿಸಲಿ.

ಕ್ಲಿಕ್‌ನ ಅಭ್ಯಾಸ ಬಿಡಿಸಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಸರಬಾಂದ್ ಎಂಬ ಕುಣಿತಕ್ಕೆ ಮೂರು ಎಣಿಕೆ, ಎರಡನೆಯದಕ್ಕೆ ತೂಕ. ಮೂರನ್ನೂ ಸಮನಾಗಿ ನುಡಿಸಿದರೆ ಅದು ನಿಂತ ನೀರು. ಎರಡನೆಯ ಎಣಿಕೆಯಲ್ಲಿ ಬಿಲ್ಲು ತಂತಿಯ ಮೇಲೆ ಭಾರ ಬಿಟ್ಟು ಕೂರಬೇಕು, ಮೂರನೆಯದರಲ್ಲಿ ಏಳಬೇಕು. ಸಮನಾಗಿ ಹೋಗಲು ಕಲಿತ ಕೈಗೆ ಇದು ಸುಲಭವಲ್ಲ. ಊರಿಗೆ ಮರಳಿದ ಮೇಲೆ ಕ್ಲಿಕ್ ಇಲ್ಲ, ಸ್ಟುಡಿಯೋ ಇಲ್ಲ. ತಮ್ಮನ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವವರ ಮಾತು, ಮಳೆ, ಇಷ್ಟೇ. ಇಲ್ಲಿ ಕೂತು ಸರಬಾಂದ್‌ಗಳನ್ನೆಲ್ಲ ಹೊಸದಾಗಿ ಕಲಿತೆ.

ಅದರಲ್ಲೂ ಐದನೆಯದರ ಸರಬಾಂದ್. ಉಳಿದ ಐದು ಸರಬಾಂದ್‌ಗಳಲ್ಲಿ ಎರಡು ಮೂರು ತಂತಿ ಒಟ್ಟಿಗೆ ಮೊಳಗುತ್ತವೆ. ಇದರಲ್ಲಿ ಅಂಥದ್ದು ಒಂದೂ ಇಲ್ಲ. ಒಂದಾದ ಮೇಲೆ ಒಂದು ಸ್ವರ, ಒಂಟಿ ಗೆರೆ. ಕೆಳಗಿನ ಆಧಾರ ಸ್ವರವೂ ಅದೇ ಗೆರೆಯಲ್ಲಿ ಬಂದು ಹೋಗುತ್ತದೆ, ಅದನ್ನು ಕಿವಿಯೇ ಹಿಡಿದಿಟ್ಟುಕೊಳ್ಳಬೇಕು. ಬೆರಳಿಗೆ ಕಷ್ಟವಿಲ್ಲ. ಒಂದು ವರ್ಷ ಕಲಿತವರೂ ಸ್ವರಗಳನ್ನು ಹಿಡಿಯಬಹುದು. ನಾನು ಮಾತ್ರ ಈಗಲೂ ಬಿಲ್ಲು ಎಲ್ಲಿ ಬದಲಾಯಿಸಬೇಕು ಎಂದು ಇದರ ಮೊದಲ ಎರಡು ಅಳತೆಗಳಲ್ಲೇ ಬೆಳಗ್ಗೆ ಪೂರ್ತಿ ಕಳೆಯುತ್ತೇನೆ. ಐದನೆಯ ಸೂಟ್‌ಗೆ ಒಂದು ಅನುಕೂಲ ಇದೆ. ಇದನ್ನೇ ಬಾಖ್ ಲೂಟ್ ಎಂಬ ಮೀಟಿ ನುಡಿಸುವ ವಾದ್ಯಕ್ಕೂ ಬರೆದಿದ್ದಾನೆ, ಅದರ ಪ್ರತಿ ಅವನದೇ ಕೈಬರಹದಲ್ಲಿ ಬ್ರಸೆಲ್ಸ್‌ನಲ್ಲಿ ಉಳಿದಿದೆ. ಚೆಲ್ಲೋ ಹಾಳೆಯಲ್ಲಿ ಅವನು ಬರೆಯದೆ ಬಿಟ್ಟ ಕೆಲವು ಆಧಾರ ಸ್ವರಗಳು ಅಲ್ಲಿವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದೇ ಒಂದು ಪಾಠ. ಲೂಟ್‌ಗೆ ಬೇಕಾದ ಸ್ವರ ಕೊಟ್ಟಿದ್ದಾನೆ, ಚೆಲ್ಲೋದಲ್ಲಿ ಅದನ್ನು ಕೇಳುವವರಿಗೇ ಬಿಟ್ಟಿದ್ದಾನೆ. ಎಂಥ ನಂಬಿಕೆ ಕೇಳುಗರ ಮೇಲೆ!

ಆರನೆಯದು ಈಗ ನನ್ನ ಕೈಗೆ ಪೂರ್ತಿ ಸಿಗುವುದಿಲ್ಲ. ಅದು ಐದು ತಂತಿಯ ವಾದ್ಯಕ್ಕೆ ಬರೆದದ್ದು, ಮೇಲೊಂದು ಇ ತಂತಿ ಇರಬೇಕು. ನಾಲ್ಕೇ ತಂತಿಯಲ್ಲಿ ನುಡಿಸಬೇಕಾದರೆ ಎಡಗೈಯ ಹೆಬ್ಬೆರಳನ್ನೇ ತಂತಿಯ ಮೇಲೆ ಅಡ್ಡ ಒತ್ತಿ ಮೇಲಿನ ಸ್ಥಾಯಿಗೆ ಹೋಗಬೇಕು. ಹೆಬ್ಬೆರಳ ಪಕ್ಕದ ದಡ್ಡು ಈಗಲೂ ಗಟ್ಟಿಯಾಗಿದೆ, ಒಳಗಿನ ಗಂಟು ಮಾತ್ರ ನೋಯುತ್ತದೆ. ಅದರ ಸರಬಾಂದ್ ಒಂದನ್ನು ನುಡಿಸುತ್ತೇನೆ, ನಿಧಾನವಾಗಿ, ನಡುವೆ ನಿಂತು. ಉಳಿದದ್ದನ್ನು ಬೈಲ್ಸ್ಮಾ ನುಡಿಸಿದ್ದು ಕೇಳುತ್ತೇನೆ. ಅವರು ಅದಕ್ಕೆ ಐದು ತಂತಿಯ ಸಣ್ಣ ಚೆಲ್ಲೋ ಹಿಡಿದಿದ್ದರು, ಎಷ್ಟು ಸಲೀಸು.

ಸೋಣ ಕಳೆದು ಬಿಸಿಲು ಬಿದ್ದ ಮೇಲೆ ಎ ತಂತಿಯನ್ನು ಅದರ ಜಾಗಕ್ಕೆ ಏರಿಸಿ ನಾಲ್ಕನೆಯದನ್ನು ತೆಗೆಯಬೇಕೆಂದಿದ್ದೇನೆ. ಅದರ ಪ್ರೆಲ್ಯೂಡ್ ಬಹುಪಾಲು ಒಂದೇ ನಡೆ. ಕೆಳಗಿನ ಒಂದು ಸ್ವರ, ಅಲ್ಲಿಂದ ಮೇಲಕ್ಕೆ ದೊಡ್ಡ ಹಾರಿಕೆ, ಮತ್ತೆ ಇಳಿಕೆ. ಇ ಫ್ಲ್ಯಾಟ್ ಶ್ರುತಿಯಾದ್ದರಿಂದ ಖಾಲಿ ತಂತಿಯ ಆಸರೆ ಕಮ್ಮಿ, ದನಿ ಬೇಗ ಒಣಗುತ್ತದೆ. ಮೊದಲೆಲ್ಲ ನಾನು ಅದನ್ನು ಎಂಟೆಂಟು ಸ್ವರ ಬಿಡಿಬಿಡಿಯಾಗಿ ನುಡಿಸುತ್ತಿದ್ದೆ. ಈ ಸಲ ಕೆಳಗಿನ ಸ್ವರವನ್ನು ಮಾತ್ರ ಬಿಡಿಸಿ, ಉಳಿದ ಏಳನ್ನು ಎರಡು ಎಳೆತದಲ್ಲಿ ಕೂಡಿಸಿ ನೋಡಬೇಕು. ಆಗ ಬಿಲ್ಲು ಪ್ರತಿ ಅಳತೆಗೂ ತಿರುಗುಮುರುಗಾಗುತ್ತದೆ, ಒಂದು ಸಲ ಕೆಳಗಿನ ಸ್ವರ ತಳ್ಳು ಬಿಲ್ಲಿಗೆ ಬೀಳುತ್ತದೆ. ಅದಕ್ಕೇನು ಮಾಡುವುದೆಂದು ಇನ್ನೂ ಹೊಳೆದಿಲ್ಲ. ಹುಡುಗಿಯ ಕೈಯಲ್ಲೂ ಒಮ್ಮೆ ನುಡಿಸಿ ನೋಡಲು ಹೇಳಿದ್ದೇನೆ.